ಮಂಗಳನ ಗಾಳಿ, ಹಾನಗಲ್ಲಿನ ಗದ್ದೆ

ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ನಿಂತ ನೀರಿಗೆ ಕಾಲಿಟ್ಟರೆ ಕೆಸರಿನಿಂದ ಗುಳ್ಳೆಗಳು ಏಳುತ್ತವೆ. ಅವುಗಳಲ್ಲಿ ಮೀಥೇನ್ ಇರುತ್ತದೆ. ಹಿರೇಕೆರೂರು ಕಡೆಯ ಹಿತ್ತಿಲಿನ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ. ಗಾಳಿಯಾಡದ ಕೆಸರಲ್ಲಿ, ಸಗಣಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಬಿಡುವ ಅನಿಲ ಇದು. ಇದನ್ನೇ ಹುಡುಕಲು 2013ರ ನವೆಂಬರ್ 5ರಂದು ನಾವು ಮಂಗಳನತ್ತ ಒಂದು ಉಪಕರಣ ಕಳಿಸಿದ್ದೆವು.

ಮಂಗಳಯಾನ ಮೊದಲ ಯತ್ನದಲ್ಲೇ, 2014ರ ಸೆಪ್ಟೆಂಬರ್ 24ರಂದು, ಕಕ್ಷೆ ಸೇರಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದ ಆ ಬೆಳಗಿನ ಸಂಭ್ರಮ ಎಲ್ಲರಿಗೂ ನೆನಪಿದೆ. ಆದರೆ ಅದರಲ್ಲಿದ್ದ, ಮೂರು ಕಿಲೊಗೂ ಕಡಿಮೆ ತೂಕದ ಮೀಥೇನ್ ಸಂವೇದಕದ ಕತೆಯನ್ನು ನಾವು ಹೇಳಿಕೊಳ್ಳುವುದೇ ಇಲ್ಲ.

ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಸೋಡಿಯಂ ದೀಪದ ಮುಂದೆ ಸ್ಪೆಕ್ಟ್ರೋಮೀಟರ್ ಇಟ್ಟು ಕಣ್ಣು ಕಿರಿದು ಮಾಡಿ ನೋಡಿದ ಶಿಗ್ಗಾವಿ, ಸವಣೂರಿನ ವಿದ್ಯಾರ್ಥಿಗಳಿಗೆ ಈ ಕತೆ ಸುಲಭವಾಗಿ ಅರ್ಥವಾಗುತ್ತದೆ. ಆ ಹಳದಿ ಬೆಳಕಿನಲ್ಲಿ 589.0 ಮತ್ತು 589.6 ನ್ಯಾನೊಮೀಟರಿನ ಎರಡು ಗೆರೆಗಳಿವೆ. ಬಿಡಿಸಿ ತೋರಿಸುವ ಶಕ್ತಿ ಉಪಕರಣಕ್ಕೆ ಸಾಲದಿದ್ದರೆ ಎರಡೂ ಕೂಡಿ ಒಂದಾಗಿ ಕಾಣುತ್ತವೆ. ಮಂಗಳನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಅಲ್ಲಿನ ಗಾಳಿಯಲ್ಲಿ ಶೇ 95ರಷ್ಟು ಇಂಗಾಲದ ಡೈಆಕ್ಸೈಡ್. ಸಂವೇದಕ ತನ್ನ ಫಿಲ್ಟರಿನಲ್ಲಿ ಹಾದುಬಂದ ಬೆಳಕನ್ನೆಲ್ಲ ಒಟ್ಟಾಗಿ ಅಳೆಯಿತು. ಅದರಲ್ಲಿ ಮೀಥೇನಿನ ಗುರುತು ಯಾವುದು, ಡೈಆಕ್ಸೈಡಿನದು ಯಾವುದು ಎಂದು ಬೇರ್ಪಡಿಸಲು ಆಗಲಿಲ್ಲ. ಕೊನೆಗೆ ಮಂಗಳನ ನೆಲ ಎಷ್ಟು ಬಿಸಿಲನ್ನು ಹಿಂದಿರುಗಿಸುತ್ತದೆ ಎಂಬ ನಕ್ಷೆ ಮಾಡಲು ಅದನ್ನು ಬಳಸಲಾಯಿತು.

ಇದನ್ನು ಮುಚ್ಚಿಡಬೇಕಾದ ಸೋಲೆಂದು ನಾನು ನೋಡುವುದಿಲ್ಲ. ಜೀವದ ಕುರುಹು ಹುಡುಕುವುದು ಎಲ್ಲರಿಗೂ ಇಷ್ಟೇ ಕಠಿಣ. ಅಮೆರಿಕದ ಕ್ಯೂರಿಯಾಸಿಟಿ ರೋವರ್ ಮಂಗಳನ ನೆಲದಲ್ಲಿ ನಿಂತು ನೂರು ಕೋಟಿಗೆ ಸುಮಾರು 0.4 ಭಾಗ ಮೀಥೇನ್ ಕಂಡಿತು. ಯುರೋಪಿನ ನೌಕೆ ಮೇಲಿನಿಂದ ನೋಡಿ, ಇದ್ದರೂ 0.05 ಭಾಗಕ್ಕಿಂತ ಕಡಿಮೆ ಎಂದು 2019ರಲ್ಲಿ ಹೇಳಿತು. ಮೀಥೇನ್ ಸಿಕ್ಕರೂ ಅದು ಜೀವಿಯದೇ ಎನ್ನಲಾಗದು. ಬಂಡೆ ಮತ್ತು ನೀರು ಸೇರಿಯೂ ಅದು ಹುಟ್ಟಬಲ್ಲದು.

ಹಾಗಾಗಿ ಜೀವ ಇದೆಯೆಂದು ಖಚಿತವಾಗಿ ಗೊತ್ತಿರುವ ಒಂದೇ ಗ್ರಹದ ಮೇಲೆ ಮೊದಲು ಉಪಕರಣವನ್ನು ಪರೀಕ್ಷಿಸಬೇಕು. ಗುರುವಿನತ್ತ ಹೊರಟ ಗೆಲಿಲಿಯೊ ನೌಕೆ 1990ರ ಡಿಸೆಂಬರಿನಲ್ಲಿ ಭೂಮಿಯ ಪಕ್ಕ ಹಾದಾಗ ಕಾರ್ಲ್ ಸೇಗನ್ ತಂಡ ಮಾಡಿದ್ದು ಇದನ್ನೇ. ಆಮ್ಲಜನಕ ಮತ್ತು ಮೀಥೇನ್ ಒಟ್ಟಿಗೆ ಇರುವುದು, ಕೆಂಪು ಬೆಳಕನ್ನು ಹೀರುವ ಹಸಿರು ಎರಡೂ ಆ ನೌಕೆಗೆ ಕಂಡವು. 2023ರ ಜುಲೈನಲ್ಲಿ ಚಂದ್ರಯಾನ-3ರ ಜೊತೆ ಹೋದ ‘ಶೇಪ್’ ಎಂಬ ಉಪಕರಣ ಕೂಡ ಚಂದ್ರನ ಕಕ್ಷೆಯಿಂದ ನಮ್ಮ ಭೂಮಿಯನ್ನು ಪರಗ್ರಹದಂತೆ ನೋಡಿತು. ಅದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಕೆಲಸ, ನನಗೆ ಬಹಳ ಹೆಮ್ಮೆ ತಂದದ್ದು.

ನನ್ನ ಒತ್ತಾಯ ಇಷ್ಟು: ಮೀಥೇನ್ ಸಂವೇದಕದಲ್ಲಿ ಎಲ್ಲಿ ಎಡವಿದೆವು ಎಂಬುದು ವಿದ್ಯಾರ್ಥಿಗಳಿಗೆ ಪಾಠವಾಗಬೇಕು. ಮುಂದಿನದನ್ನು ಕಳಿಸುವ ಮೊದಲು ವಿಮಾನದಲ್ಲಿಟ್ಟು ಹಾನಗಲ್ಲಿನ ಮೇಲೆ ಹಾರಿಸಲಿ. ನಮ್ಮ ಭೂಮಿಯ ಗಾಳಿಯಲ್ಲಿ ಮೀಥೇನ್ ಮಂಗಳನಿಗಿಂತ ಬಹಳ ಹೆಚ್ಚು, ನೂರು ಕೋಟಿಗೆ ಸುಮಾರು 1900 ಭಾಗ ಇರುವುದರಿಂದ ಈ ಪರೀಕ್ಷೆಯೊಂದೇ ಸಾಲದು, ನಿಜ. ಆದರೂ ಮಳೆಗಾಲದಲ್ಲಿ ಗದ್ದೆ ತುಂಬಿ ನಿಂತಾಗ ಒಮ್ಮೆ, ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಇನ್ನೊಮ್ಮೆ ಅಳೆಯಲಿ. ಎರಡರ ಅಂತರ ಅದಕ್ಕೆ ಕಾಣಲಿ.