ಕಟ್ಟಿದ್ದೂ ಅವರೇ, ಕಣ್ಣು ಮುಚ್ಚಿದ್ದೂ ಅವರೇ?

ನಮ್ಮ ಕಡೆ ಕಾಲೇಜಿನ ಪಿ.ಡಿ. ಅಂದರೆ ಕೊರಳಲ್ಲಿ ವಿಷಲ್, ಕೈಯಲ್ಲಿ ಸ್ಪೋರ್ಟ್ಸ್ ರೂಮಿನ ಬೀಗದ ಕೈ. ಅಮೆರಿಕದಲ್ಲಿ ಅದಕ್ಕೆ ಹತ್ತಿರದ ಹುದ್ದೆಗೆ ಅಥ್ಲೆಟಿಕ್ ಡೈರೆಕ್ಟರ್ ಅಂತಾರೆ. ಆದರೆ ಹೆಸರು ಕೇಳಿ ಮೋಸ ಹೋಗಬೇಡಿ. ಅಲ್ಲಿ ಕೋಚುಗಳನ್ನು ನೇಮಿಸುವವನೂ ಅವನೇ, ತೆಗೆಯುವವನೂ ಅವನೇ. ಸ್ಟೇಡಿಯಂ ಕಟ್ಟಿಸುವುದು, ದಾನಿಗಳ ಮನೆ ಬಾಗಿಲು ತಟ್ಟುವುದು, ಬೂಟಿನ ಕಂಪನಿಯ ಜೊತೆ ಕರಾರು ಮಾಡುವುದು ಎಲ್ಲ ಅವನ ಕೆಲಸ. ಊರಿನ ಜನ ಮೇಯರ್ ಹೆಸರು ಮರೆತರೂ ಇವನ ಹೆಸರು ಮರೆಯೋದಿಲ್ಲ.

ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ ಅಂಥ ಹೆಸರು ಟಾಮ್ ಜ್ಯೂರಿಚ್. 1997ರಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಬಂದರು, 2017ರಲ್ಲಿ ಹೊರದಬ್ಬಿಸಿಕೊಂಡರು. ಇಪ್ಪತ್ತು ವರ್ಷ. ಅಭಿಮಾನಿಗಳಲ್ಲಿ ಕೆಲವರಿಗೆ ಅವರು ದೇವರು, ಕೆಲವರಿಗೆ ಊರಿನ ಮಾನ ಕಳೆದವರು. ಇಬ್ಬರ ಮಾತಿನಲ್ಲೂ ಹುರುಳಿದೆ ಅನ್ನೋದೇ ತಮಾಷೆ.

ಮೊದಲು ಜಮಾ ಕಡೆ ನೋಡೋಣ. ಅವರು ಬಂದ ವರ್ಷ ಫುಟ್‌ಬಾಲ್ ತಂಡ ಹನ್ನೊಂದು ಪಂದ್ಯ ಆಡಿ ಗೆದ್ದದ್ದು ಒಂದೇ. ಅವರು ಕೋಚ್ ಬದಲಿಸಿದರು. ಮಾರನೇ ವರ್ಷ ಹೊಸ ಸ್ಟೇಡಿಯಂ ಬಾಗಿಲು ತೆರೆಯಿತು. 2001ರಲ್ಲಿ ರಿಕ್ ಪಿಟಿನೊ ಎಂಬ ಹೆಸರಾಂತ ಬ್ಯಾಸ್ಕೆಟ್‌ಬಾಲ್ ಕೋಚನ್ನು ಕರೆತಂದರು. ಹಿಂದೆ ಪಕ್ಕದ ಶತ್ರು ಪಾಳೆಯ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಚಾಂಪಿಯನ್‌ಷಿಪ್ ಗೆದ್ದುಕೊಟ್ಟವರನ್ನೇ ತಂದು ತಮ್ಮ ಬೆಂಚಿನಲ್ಲಿ ಕೂರಿಸಿದಾಗ ಊರೇ ಬಾಯಿ ಬಿಟ್ಟು ನೋಡಿತು.

ಹೆಣ್ಣುಮಕ್ಕಳ ಸಾಫ್ಟ್‌ಬಾಲ್, ಹಾಕಿ, ಈಜು, ಬೇಸ್‌ಬಾಲ್, ಸಾಕರ್ ಅಂತ ಒಂದೊಂದಕ್ಕೂ ಒಳ್ಳೆಯ ಮೈದಾನ, ಕೊಳ ಎದ್ದವು. ಟಿಕೆಟ್ ಮಾರಾಟವಾಗದ ಆಟಗಳಿಗೂ ಖರ್ಚು ಮಾಡಿದರು ಅನ್ನುವುದನ್ನು ವಿರೋಧಿಗಳೂ ಒಪ್ಪುತ್ತಾರೆ. 2007ರಲ್ಲಿ ಬೇಸ್‌ಬಾಲ್ ತಂಡ ಮೊದಲ ಬಾರಿಗೆ ಕಾಲೇಜ್ ವರ್ಲ್ಡ್ ಸೀರೀಸ್ ಕಂಡಿತು. ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ 2009 ಮತ್ತು 2013ರಲ್ಲಿ ಫೈನಲ್ ಆಡಿತು.

ಎಲ್ಲಕ್ಕಿಂತ ದೊಡ್ಡದು ಲೀಗಿನ ವಿಚಾರ. ಅಲ್ಲಿ ಯಾವ ಕೂಟದಲ್ಲಿ ನೀವಿದ್ದೀರಿ ಅನ್ನುವುದರ ಮೇಲೆ ಟಿ.ವಿ. ದುಡ್ಡು. ಲೂಯಿವಿಲ್ 2005ರಲ್ಲಿ ಬಿಗ್ ಈಸ್ಟ್ ಕೂಟಕ್ಕೆ, 2014ರಲ್ಲಿ ಶ್ರೀಮಂತ ಎ.ಸಿ.ಸಿ. ಕೂಟಕ್ಕೆ ಹತ್ತಿತು. ಆ ಬಸ್ಸು ತಪ್ಪಿದ ಎಷ್ಟೋ ಕಾಲೇಜುಗಳು ಇವತ್ತಿಗೂ ಸ್ಟ್ಯಾಂಡಿನಲ್ಲೇ ನಿಂತಿವೆ.

ಈಗ ಖರ್ಚಿನ ಕಡೆ. 2010ರಲ್ಲಿ ನದಿ ದಂಡೆಯಲ್ಲಿ ಇಪ್ಪತ್ತೆರಡು ಸಾವಿರ ಜನ ಕೂರುವ ಕೆ.ಎಫ್.ಸಿ. ಯಮ್ ಸೆಂಟರ್ ಎದ್ದಿತು. ಕಟ್ಟಿದ್ದು ಸಾರ್ವಜನಿಕ ಸಾಲದಲ್ಲಿ. ಸುತ್ತಲಿನ ವ್ಯಾಪಾರದ ತೆರಿಗೆಯಿಂದ ಸಾಲ ತೀರುತ್ತೆ ಅಂದಿದ್ದರು. ಲೆಕ್ಕ ಹಾಕಿದಷ್ಟು ತೆರಿಗೆ ಬರಲಿಲ್ಲ. ಕೊನೆಗೆ 2017ರಲ್ಲಿ ಕರಾರು ತಿದ್ದಿ ವಿಶ್ವವಿದ್ಯಾಲಯ ಹೆಚ್ಚು ಹಣ ಕೊಡಬೇಕಾಯಿತು. ತಂಡಕ್ಕೆ ಲಾಭದ ಕರಾರು, ಊರಿಗೆ ಸಾಲದ ಹೊರೆ ಅಂತ ಜನ ಆಡಿಕೊಂಡದ್ದು ಸುಮ್ಮನೆ ಅಲ್ಲ.

ಇನ್ನು ಕೋಚುಗಳ ಕಥೆ. 2009ರಲ್ಲಿ ಪಿಟಿನೊ ಖಾಸಗಿ ಬದುಕು ಬೀದಿಗೆ ಬಿದ್ದಾಗ ಜ್ಯೂರಿಚ್ ಅವರ ಬೆನ್ನಿಗೇ ನಿಂತರು. ಹತ್ತು ವರ್ಷದ ಕರಾರಿಗೆ ಸಹಿ ಹಾಕಿ ಆರೇ ತಿಂಗಳಿಗೆ 2007ರಲ್ಲಿ ಕೈಕೊಟ್ಟು ಹೋಗಿದ್ದ ಫುಟ್‌ಬಾಲ್ ಕೋಚ್ ಬಾಬಿ ಪೆಟ್ರಿನೊ, ಆಮೇಲೆ ಆರ್ಕನ್ಸಾದಲ್ಲಿ ಮೇಲಧಿಕಾರಿಗೆ ಸುಳ್ಳು ಹೇಳಿ ಕೆಲಸ ಕಳೆದುಕೊಂಡವರು. 2014ರಲ್ಲಿ ಅವರನ್ನೂ ವಾಪಸು ಕರೆದರು. ಗೆಲ್ಲುವವನಿಗೆ ಎಷ್ಟು ಸಲ ಬೇಕಾದರೂ ಮಾಫಿ.

2015ರ ಅಕ್ಟೋಬರಿನಲ್ಲಿ ಬಾಂಬು ಬಿತ್ತು. ಆಟಗಾರರ ಹಾಸ್ಟೆಲಿಗೇ ಸಿಬ್ಬಂದಿಯೊಬ್ಬರು ದುಡ್ಡು ಕೊಟ್ಟು ಹೆಂಗಸರನ್ನು ಕರೆಸಿದ್ದರು, ಸೇರಲು ಬಂದ ಹುಡುಗರ ಮುಂದೆಯೂ ಇದು ನಡೆದಿತ್ತು. 2018ರಲ್ಲಿ ಎನ್.ಸಿ.ಎ.ಎ. 123 ಗೆಲುವು ಅಳಿಸಿತು. 2013ರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೇ ಹೋಯಿತು. ಯಮ್ ಸೆಂಟರಿನಲ್ಲಿ ತೂಗುತ್ತಿದ್ದ ಬಾವುಟ ಇಳಿಸಿದರು. ರಾತ್ರಿಯಿಡೀ ಕುಣಿದ ಊರಿಗೆ, ಆ ರಾತ್ರಿ ನಡೆಯಲೇ ಇಲ್ಲ ಅಂದಂತಾಯಿತು.

ಅದಕ್ಕೆ ಮೊದಲೇ, 2017ರ ಸೆಪ್ಟೆಂಬರಿನಲ್ಲಿ ಎಫ್.ಬಿ.ಐ. ತನಿಖೆ ಹೊರಬಿತ್ತು. ಒಬ್ಬ ಹುಡುಗ ಲೂಯಿವಿಲ್‌ಗೆ ಸೇರಲಿ ಅಂತ ಅವನ ಮನೆಯವರಿಗೆ ಒಂದು ಲಕ್ಷ ಡಾಲರ್ ಕೊಡಿಸುವ ಏರ್ಪಾಡು ನಡೆದಿತ್ತು. ಅದರ ಹಿಂದೆ ಅಡಿಡಾಸ್‌ನವರು. ಅದೇ ಕಂಪನಿ ಜೊತೆ ಜ್ಯೂರಿಚ್ ಹದಿನಾರು ಕೋಟಿ ಡಾಲರ್ ಕರಾರು ಘೋಷಿಸಿ ಆಗಿನ್ನೂ ತಿಂಗಳ ಮೇಲೆ ಸ್ವಲ್ಪವೇ ದಿನ. ಅಕ್ಟೋಬರಿನಲ್ಲಿ ಪಿಟಿನೊ ಹೋದರು, ಎರಡು ದಿನ ಬಿಟ್ಟು ಜ್ಯೂರಿಚ್.

ಅಲ್ಲಿಗೆ ಕಥೆ ಮುಗಿಯಿತೇ? ಇಲ್ಲ. 2018ರಲ್ಲಿ ವಿಶ್ವವಿದ್ಯಾಲಯವೇ ಜ್ಯೂರಿಚ್ ಜೊತೆ ರಾಜಿಯಾಗಿ 45 ಲಕ್ಷ ಡಾಲರ್ ಕೊಡಲು ಒಪ್ಪಿತು. 2022ರ ನವೆಂಬರಿನಲ್ಲಿ ಅಡಿಡಾಸ್ ಪ್ರಕರಣದ ಸ್ವತಂತ್ರ ಸಮಿತಿ ಪಿಟಿನೊಗೆ ಶಿಕ್ಷೆ ಇಲ್ಲ ಅಂದಿತು. ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ಪ್ರೊಬೇಷನ್, ಐದು ಸಾವಿರ ಡಾಲರ್ ದಂಡ ಬಿತ್ತು. 2022-23ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಬರೀ ನಾಲ್ಕು ಗೆದ್ದು 28 ಸೋತಾಗ, "ಜ್ಯೂರಿಚ್ ಇದ್ದಿದ್ದರೆ" ಅನ್ನುವವರ ದನಿ ಜೋರಾದರೆ ಆಶ್ಚರ್ಯವೇನು?

ಆದರೆ ಆ ದನಿಗೆ ಒಂದು ಪ್ರಶ್ನೆ ಕೇಳಬೇಕು. ಇಪ್ಪತ್ತು ವರ್ಷ ಟಿ.ವಿ. ದುಡ್ಡು, ಬೂಟಿನ ದುಡ್ಡು, ಟಿಕೆಟ್ ದುಡ್ಡು ಹರಿಯಿತಲ್ಲ, ಬೆವರು ಹರಿಸಿದ ಹುಡುಗರಿಗೆ ಸಿಕ್ಕದ್ದು ಫೀಸು, ಊಟ, ವಸತಿ. ಅವರ ಹೆಸರಿನಿಂದ ಅವರೇ ಸಂಪಾದಿಸಲು ಅನುಮತಿ ಸಿಕ್ಕದ್ದು 2021ರಲ್ಲಿ. ವಿಶ್ವವಿದ್ಯಾಲಯಗಳು ನೇರವಾಗಿ ಪಾಲು ಕೊಡಲು ದಾರಿಯಾದದ್ದು 2025ರಲ್ಲಿ. ಮುಂಬಾಗಿಲು ಮುಚ್ಚಿದ್ದಕ್ಕೇ ದುಡ್ಡು ಹಿತ್ತಲಿನಿಂದ ಬಂತು. ಆ ಬಾಗಿಲು ಮುಚ್ಚಿದ್ದು ಜ್ಯೂರಿಚ್ ಒಬ್ಬರೇ ಅಲ್ಲ, ಇಡೀ ವ್ಯವಸ್ಥೆ. ಆದರೆ ಮನೆ ಯಜಮಾನನಿಗೆ ಹಿತ್ತಲು ಗೊತ್ತಿರಲಿಲ್ಲ ಅಂದರೆ ಅದೂ ತಪ್ಪೇ, ಗೊತ್ತಿದ್ದರೆ ಇನ್ನೂ ದೊಡ್ಡ ತಪ್ಪು.

ಅವರು ನಿಯಮ ಮುರಿದರು ಅಂತ ಎನ್.ಸಿ.ಎ.ಎ. ಹೇಳಲಿಲ್ಲ, ಅದನ್ನು ನಾವೂ ಹೇಳಬಾರದು. ಹೇಳಬೇಕಾದ್ದು ಬೇರೆ. ಗೆಲ್ಲುತ್ತಿದ್ದಾಗ ಯಾರೂ ಅವರನ್ನು ಲೆಕ್ಕ ಕೇಳಲಿಲ್ಲ. ಆಡಳಿತ ಮಂಡಲಿಯೂ ಕೇಳಲಿಲ್ಲ, ದಾನಿಗಳೂ ಕೇಳಲಿಲ್ಲ, ಕೆಂಪು ಅಂಗಿ ತೊಟ್ಟ ಅಭಿಮಾನಿಗಳಂತೂ ಕೇಳಲೇ ಇಲ್ಲ. ಬಾವುಟ ಇಳಿದ ಮೇಲೆ ಬೆರಳು ತೋರಿಸುವುದು ಸುಲಭ. ಆ ಬಾವುಟ ಏರುವಾಗ ಹಗ್ಗ ಎಳೆದವರಲ್ಲಿ ಊರಿನವರೂ ಇದ್ದರು.