ಕೂಡಿ ಹೊಲಿದ ಕೌದಿ

ಕಾಯಕವೆಂದೊಡನೆ ನಮ್ಮ ಮನಸ್ಸು ಹೊಲ, ಮಗ್ಗ, ಅಂಗಡಿ, ಕಚೇರಿಗಳ ಕಡೆಗೆ ಹರಿಯುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯ ಮೂಲೆಯಲ್ಲಿ ಸೂಜಿ ಹಿಡಿದು ಕುಳಿತ ಗೃಹಿಣಿಯ ಕೆಲಸವನ್ನು ‘ಹೊತ್ತು ಕಳೆಯುವುದು’ ಎಂದು ಕರೆದು ಸುಮ್ಮನಾಗುತ್ತೇವೆ. ಶರಣರ ದೃಷ್ಟಿ ಹೀಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೊಲಿಗೆಯ ಕಾಯಕದಿಂದಲೇ ಹೆಸರಾದ ಸೂಜಿಕಾಯಕದ ರಾಮಿತಂದೆಗಳಿದ್ದಾರೆ. ತಾವು ತಿರುಗಿಸುವ ರಾಟೆಯನ್ನೇ ವಚನದ ವಸ್ತುವಾಗಿಸಿದ ಕದಿರ ರೆಮ್ಮವ್ವೆಯಿದ್ದಾರೆ. ಅವರೆಲ್ಲರಿಗೂ ಮುಂಚಿನ ಆದ್ಯ ವಚನಕಾರರಾದ ಜೇಡರ ದಾಸಿಮಯ್ಯನವರು ನೇಕಾರರು. ನೂಲು, ನೇಯ್ಗೆ, ಹೊಲಿಗೆ ಮೂರಕ್ಕೂ ನಮ್ಮ ಪರಂಪರೆಯಲ್ಲಿ ಗೌರವದ ಸ್ಥಾನವಿದೆ.

ಈ ಕಾಯಕಜೀವಿಗಳು ದುಡಿದದ್ದು ತಮ್ಮ ತಮ್ಮ ಮನೆಯಲ್ಲಿ. ಅವರ ಅರಿವು ಬೆಳೆದದ್ದು ಕೂಟದಲ್ಲಿ. ಒಬ್ಬರ ಅನುಭವವನ್ನು ಇನ್ನೊಬ್ಬರು ಕೇಳಿ, ಒರೆಗೆ ಹಚ್ಚಿ, ಒಪ್ಪಿ ಅಥವಾ ತಿದ್ದಿ ಮುಂದೆ ಸಾಗಿದರು. ಸೂಜಿ ದಾರಗಳ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೈ ಒಬ್ಬರದಾದರೂ ಕಲೆ ಹಲವರದು. ಈ ಸಂಗತಿಯನ್ನು ಈ ತಿಂಗಳು ತುಸು ವಿಚಾರ ಮಾಡೋಣ.

ಮೊದಲು ಕೌದಿಯನ್ನೇ ತೆಗೆದುಕೊಳ್ಳಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವನ್ನು ಎಸೆಯುವ ರೂಢಿ ಇರಲಿಲ್ಲ. ಒಗೆದು, ಒಣಗಿಸಿ, ಗಂಟು ಕಟ್ಟಿ ಅಟ್ಟದ ಮೇಲಿಡುತ್ತಿದ್ದರು. ಸುಗ್ಗಿಯ ಕೆಲಸ ಮುಗಿದು ಕೈಗೆ ಬಿಡುವು ದೊರೆತಾಗ ಆ ಗಂಟು ಕೆಳಗಿಳಿಯುತ್ತಿತ್ತು. ಅಡಿಯಲ್ಲಿ ಗಟ್ಟಿಯಾದ ಸೀರೆಯೊಂದನ್ನು ಹಾಸಿ, ಅದರ ಮೇಲೆ ಪದರ ಪದರವಾಗಿ ಬಟ್ಟೆಗಳನ್ನು ಜೋಡಿಸಿ, ಮೇಲುಗಡೆ ಬಣ್ಣ ಬಣ್ಣದ ತುಂಡುಗಳನ್ನು ಹೊಂದಿಸಿ, ಅಂಚಿನಿಂದ ನಡುವಿನ ಕಡೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋಗಬೇಕು. ಒಬ್ಬಳೇ ಕುಳಿತರೆ ವಾರಗಟ್ಟಲೆ ಮುಗಿಯದ ಕೆಲಸವಿದು. ನಾಲ್ಕು ಜನ ನಾಲ್ಕು ಮಗ್ಗುಲಿಗೆ ಕುಳಿತರೆ ಕೆಲವೇ ದಿನಗಳಲ್ಲಿ ಕೈಗೂಡುತ್ತದೆ. ಆದ್ದರಿಂದ ಒಂದು ಮನೆಯಲ್ಲಿ ಕೌದಿ ಹಾಸಿದರೆ ನೆರೆಮನೆಯವರು ಕರೆಯದೆಯೇ ಸೂಜಿಯೊಡನೆ ಬರುತ್ತಿದ್ದರು. ಮುಂದಿನ ಸಲ ಅವರ ಮನೆಗೆ ಇವರು ಹೋಗುತ್ತಿದ್ದರು. ಹೊಲದಲ್ಲಿ ಮುಯ್ಯಾಳು ಇದ್ದಂತೆ ಸೂಜಿಯಲ್ಲಿಯೂ ಮುಯ್ಯಿ ಇತ್ತು.

ಹೊಲಿಯುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ‘ಇದು ನಮ್ಮ ಮುತ್ಯಾನ ಧೋತರ, ಇದು ಹಿರಿಯ ಮಗಳ ಕುಬಸದ ಸೀರೆ’ ಎಂದು ಒಂದೊಂದು ತುಂಡಿನ ಕಥೆಯೂ ಹೊರಬರುತ್ತಿತ್ತು. ಅತ್ತೆಯ ಎದುರಿಗೆ ಬಾಯಿ ತೆರೆಯದ ಸೊಸೆ ಕೌದಿಯ ಮಗ್ಗುಲಲ್ಲಿ ಕುಳಿತು ತನ್ನ ತವರಿನ ಮಾತು ಆಡುತ್ತಿದ್ದಳು. ಮಗ್ಗುಲಲ್ಲಿ ಕುಳಿತವಳು ತಲೆ ಎತ್ತದೆ, ಮುಖ ನೋಡದೆ, ಹೊಲಿಗೆ ಹಾಕುತ್ತಲೇ ಕೇಳಿಸಿಕೊಳ್ಳುವಳು. ಹೀಗೆ ಮುಖ ನೋಡದೆ ಕೇಳುವವರ ಎದುರಿನಲ್ಲಿ ದುಃಖ ಹೇಳಿಕೊಳ್ಳುವುದು ಎಷ್ಟು ಸುಲಭವೆಂಬುದನ್ನು ಅನುಭವಿಸಿದವರೇ ಬಲ್ಲರು.

ಕೌದಿಯಲ್ಲಿ ಸಂಗ ಶ್ರಮವನ್ನು ಹಗುರಗೊಳಿಸಿದರೆ, ಕಸೂತಿಯಲ್ಲಿ ಸಂಗವೇ ಗುರುವಾಗುತ್ತದೆ. ಧಾರವಾಡದ ಸೀಮೆಯ ಈ ಕಲೆಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ನಂದಿ, ನವಿಲು, ಅಂಬಾರಿಯ ಆನೆ, ಕಮಲಗಳನ್ನು ಮೂಡಿಸಬೇಕು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ಹೊಲಿಗೆಗಳು ನಾಲ್ಕು ಬಗೆ. ಗವಂತಿಯಲ್ಲಿ ಸೂಜಿಯು ಎಳೆ ಬಿಟ್ಟು ಎಳೆ ಹಿಡಿದು ಮುಂದೆ ಹೋಗಿ, ಮರಳಿ ಬರುವಾಗ ಬಿಟ್ಟ ಜಾಗವನ್ನು ತುಂಬುತ್ತದೆ. ಹೋಗುವಾಗಲೇ ಮರಳುವ ದಾರಿ ತಿಳಿದಿರಬೇಕು. ಇಲ್ಲವಾದರೆ ನಡುವೆ ಸಿಕ್ಕಿಕೊಳ್ಳಬೇಕಾಗುತ್ತದೆ. ಒಂದು ಎಳೆಯ ಎಣಿಕೆ ತಪ್ಪಿದರೆ ಗೋಪುರದ ಶಿಖರ ಪಕ್ಕಕ್ಕೆ ಸರಿಯುತ್ತದೆ. ಎಣಿಸುವವಳ ಕಣ್ಣಿಗೆ ಅದು ಬೇಗ ಕಾಣದು; ಪಕ್ಕದಲ್ಲಿ ಕುಳಿತವಳಿಗೆ ಥಟ್ಟನೆ ಕಾಣುತ್ತದೆ.

ಗವಂತಿ, ಮುರಗಿಗಳ ಹೆಗ್ಗಳಿಕೆಯೆಂದರೆ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿರುವುದು, ಗಂಟು ಕಾಣುವಂತಿಲ್ಲ. ಆದ್ದರಿಂದಲೇ ನುರಿತ ಹಿರಿಯರು ಕಸೂತಿಯನ್ನು ಕೈಗೆ ಕೊಟ್ಟೊಡನೆ ಮೊದಲು ಮಗುಚಿ ನೋಡುತ್ತಾರೆ. ಮುಂಬದಿಯನ್ನು ಹೊಗಳುವವರು ಎಲ್ಲೆಡೆಯೂ ಸಿಗುತ್ತಾರೆ. ಹಿಂಬದಿಯನ್ನು ನೋಡಿ, ‘ಇಲ್ಲಿ ದಾರ ಅಡ್ಡ ಹೋಗಿದೆ, ನಾಲ್ಕು ಹೊಲಿಗೆ ಬಿಚ್ಚಿಬಿಡು ತಾಯಿ’ ಎನ್ನುವವರು ದೊರೆಯುವುದು ಭಾಗ್ಯ. ಅಂಥವರು ಹೇಳಿದ ‘ಚಲೋ ಆಗೇದ’ ಎಂಬ ಒಂದು ಮಾತು ಹತ್ತು ಜನರ ಹೊಗಳಿಕೆಗೆ ಸಮ.

ಕಾಲ ಬದಲಾಗಿದೆ. ಕೂಡು ಕುಟುಂಬಗಳು ಒಡೆದಿವೆ, ಬಾಗಿಲುಗಳು ಮುಚ್ಚಿವೆ. ಸಿದ್ಧ ಉಡುಪು, ಗಿರಣಿಯ ರಗ್ಗುಗಳು ಮನೆ ತುಂಬಿವೆ. ಹಳ್ಳಿಯ ಮನೆಗೆ ಬೀಗ ಹಾಕಿ ಮಗನೊಡನೆ ಬೆಂಗಳೂರಿಗೋ ಪುಣೆಗೋ ಬಂದ ಎಷ್ಟೋ ತಾಯಂದಿರು ಎತ್ತರದ ಕಟ್ಟಡದ ಕೋಣೆಯಲ್ಲಿ ದಿನ ಕಳೆಯುತ್ತಿದ್ದಾರೆ. ಕೌದಿ, ಕುಂಚಿಗೆ, ಕುಲಾವಿಗಳ ವಿದ್ಯೆ ಅವರ ಬೆರಳ ತುದಿಯಲ್ಲಿದೆ, ಕೇಳುವವರಿಲ್ಲ. ಅದೇ ಕಟ್ಟಡದ ಇನ್ನೊಂದು ಮನೆಯಲ್ಲಿ ತರುಣಿಯೊಬ್ಬಳು ಉಣ್ಣೆಯ ಉಂಡೆ ತಂದು, ಪರದೆಯ ಮೇಲಿನ ಪಾಠ ನೋಡಿ, ಹುಟ್ಟಲಿರುವ ಮಗುವಿಗೆ ಸ್ವೆಟರ್ ಹೆಣೆಯಲು ಯತ್ನಿಸುತ್ತಿರುತ್ತಾಳೆ. ತೋಳಿನ ಬಳಿ ಕುಣಿಕೆ ಜಾರಿದೊಡನೆ ಬೇಸತ್ತು ಎತ್ತಿಡುತ್ತಾಳೆ. ಪರದೆಯ ಪಾಠ ಉಪಯುಕ್ತವೇ ಸರಿ; ಆದರೆ ಅದು ನಮ್ಮ ಬಟ್ಟೆಯನ್ನು ಮಗುಚಿ ನೋಡಲಾರದು. ಈ ಇಬ್ಬರ ನಡುವೆ ಇರುವುದು ಒಂದು ಗೋಡೆ ಅಥವಾ ಒಂದು ಅಂತಸ್ತು. ಆದರೂ ಅವರು ಒಬ್ಬರನ್ನೊಬ್ಬರು ಅರಿಯರು. ನಾವು ಕಳೆದುಕೊಳ್ಳುತ್ತಿರುವುದು ಕಲೆಯೊಂದನ್ನೇ ಅಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಕೂಡಿ ಕುಳಿತವರು ಏನನ್ನು ಸಾಧಿಸಬಲ್ಲರೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. ಸಂಡೂರಿನ ಕುಶಲ ಕಲಾ ಕೇಂದ್ರದ ಆಶ್ರಯದಲ್ಲಿ ಲಂಬಾಣಿ ಮಹಿಳೆಯರು ತಮ್ಮ ತಾಂಡಾದ ಕಸೂತಿಯನ್ನು ಜೀವನೋಪಾಯವಾಗಿ ಬೆಳೆಸಿದ್ದಾರೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಒಬ್ಬೊಬ್ಬಳೇ ತನ್ನ ಗುಡಿಸಲಿನಲ್ಲಿ ಹೊಲಿಯುತ್ತ ಕುಳಿತಿದ್ದರೆ ಈ ಗೌರವ ದೊರೆಯುತ್ತಿತ್ತೇ?

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಮಹಿಳೆಯರ ಕೌದಿಗಳೂ ಇಂದು ನಾಡಿನ ಹೊರಗೂ ಹೆಸರು ಗಳಿಸಿವೆ. ಮೂಲೆಯೊಂದರಿಂದ ಹೊಲಿಯಲು ತೊಡಗಿ, ಅಂಚಿನುದ್ದಕ್ಕೂ ಸುತ್ತುತ್ತ ನಡುವಿಗೆ ಬರುವ ಅವರ ಕೌದಿಗಳಲ್ಲಿ ಬಣ್ಣಗಳ ಧೈರ್ಯ ಬೆರಗುಗೊಳಿಸುವಂಥದು. ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಹೂವು ಕೂಡಿಸದ ಹೊರತು ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಧಾರವಾಡದ ಗೃಹಿಣಿ ಅಂಥ ಕೌದಿಯೊಂದನ್ನು ಕಂಡಳೆಂದರೆ ತನ್ನ ಮುಂದಿನ ಕೌದಿಯ ಬಣ್ಣ ಬೇರೆಯಾಗುವುದು ನಿಶ್ಚಿತ. ಸ್ಫೂರ್ತಿಯೆಂಬುದು ಹೀಗೆ ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ದಾಟುತ್ತದೆ.

ಪಕ್ಕದ ತಮಿಳುನಾಡಿನ ಉದಾಹರಣೆಯೊಂದು ಇನ್ನೂ ಸ್ವಾರಸ್ಯಕರವಾಗಿದೆ. ಒಬ್ಬರನ್ನೊಬ್ಬರು ಎಂದೂ ನೋಡದ, ಬೇರೆ ಬೇರೆ ಊರುಗಳ ಹೆಣ್ಣುಮಕ್ಕಳು ಕ್ರೋಶಾ ಹೆಣಿಗೆಯ ಪ್ರೀತಿಯೊಂದರಿಂದಲೇ ಪರಿಚಿತರಾಗಿ, ತಮ್ಮ ತಮ್ಮ ಮನೆಗಳಲ್ಲಿ ಹೊದಿಕೆಯ ಚೌಕಗಳನ್ನು ಹೆಣೆದು, 2016ರಲ್ಲಿ ಚೆನ್ನೈ ನಗರದಲ್ಲಿ ಅವನ್ನೆಲ್ಲ ಒಂದಾಗಿ ಜೋಡಿಸಿದರು. 11,148 ಚದರ ಮೀಟರ್ ವಿಸ್ತಾರದ ಆ ಹೊದಿಕೆ ಕ್ರೋಶಾ ಹೊದಿಕೆಗಳಲ್ಲಿ ಜಗತ್ತಿನ ಅತಿ ದೊಡ್ಡದೆಂದು ದಾಖಲೆಯಾಯಿತು. ದಾಖಲೆ ಮುಗಿದ ಮೇಲೆ ಹೊದಿಕೆಗಳನ್ನು ಬಡವರಿಗಾಗಿ ದಾನವಾಗಿ ಕೊಟ್ಟದ್ದು ನನಗೆ ದಾಖಲೆಗಿಂತ ದೊಡ್ಡದಾಗಿ ಕಾಣುತ್ತದೆ. ಕಾಯಕದ ಫಲ ದಾಸೋಹಕ್ಕೆ ಸಲ್ಲಬೇಕೆಂಬ ನಮ್ಮ ಶರಣರ ಮಾತು ಅಲ್ಲಿ ತಾನಾಗಿಯೇ ನೆರವೇರಿದಂತಾಯಿತು.

ಇನ್ನು ಸ್ವಲ್ಪ ಕಟುವಾದರೂ ಹೇಳಲೇಬೇಕಾದ ಮಾತೊಂದಿದೆ. ನಮ್ಮ ಹೆಣ್ಣುಮಕ್ಕಳು ಒಂದೆಡೆ ಸೇರುವ ಸಂದರ್ಭಗಳು ಯಾವುವು? ಮದುವೆ, ಕುಬಸ, ತೊಟ್ಟಿಲು, ಅರಿಷಿಣ-ಕುಂಕುಮ. ಪತಿಯನ್ನು ಕಳೆದುಕೊಂಡ ಸೋದರಿಗೆ ಇವುಗಳಲ್ಲಿ ಇಂದಿಗೂ ಎಷ್ಟು ಮನೆಗಳಲ್ಲಿ ಮೊದಲ ಸಾಲಿನ ಆಹ್ವಾನವಿದೆ? ಮಕ್ಕಳಿಲ್ಲದವಳು ತೊಟ್ಟಿಲ ಬಳಿ ನಿಂತರೆ ನೋಡುವ ಕಣ್ಣುಗಳು ಹೇಗಿರುತ್ತವೆ? ಪಂಚಸೂತಕಗಳನ್ನು ತಳ್ಳಿಹಾಕಿದ ಶರಣರ ಹೆಸರು ಹೇಳುವ ನಾವು ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಹೊಲಿಗೆಯ ಕೂಟಕ್ಕೆ ಶಕುನವಿಲ್ಲ, ಮುಹೂರ್ತವಿಲ್ಲ, ಮುತ್ತೈದೆಯೆಂಬ ಷರತ್ತಿಲ್ಲ. ಸೂಜಿ ಹಿಡಿಯಲು ಬಂದವಳೆಲ್ಲ ಅದಕ್ಕೆ ಅರ್ಹಳು. ಮನೆಮನೆಗೆ ಬಂದು ಕೌದಿ ಹೊಲಿದುಕೊಡುವ ಬಡ ಹೆಂಗಸನ್ನು ಹೊರಗಟ್ಟೆಯ ಮೇಲೆ ಕೂರಿಸಿ, ಬೇರೆ ತಟ್ಟೆಯಲ್ಲಿ ಉಣಬಡಿಸುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದೂ ಕೊನೆಯಾಗಬೇಕು. ಆಕೆ ಕೂಟದೊಳಗೆ ಬಂದು ಕುಳಿತರೆ ಕಲಿಸುವವಳು ಆಕೆಯೇ, ಕಲಿಯುವವರು ನಾವು.

ಹಾಗೆಯೇ ಬೆಲೆಯ ವಿಚಾರ. ಕಸೂತಿಯ ಸೀರೆ ಉಟ್ಟು ಮದುವೆಗೆ ಹೋಗುವುದು ನಮಗೆ ಹೆಮ್ಮೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸುತ್ತ ಕಣ್ಣು ಸವೆಸಿದವಳು ತನ್ನ ಕೂಲಿ ಹೇಳಿದಾಗ ಮಾತ್ರ ಚೌಕಾಸಿಗೆ ನಿಲ್ಲುತ್ತೇವೆ. ತಾನು ಸ್ವತಃ ನಾಲ್ಕು ಅಂಗುಲ ಗವಂತಿ ಹಾಕಿ ನೋಡಿದವಳು ಹೀಗೆ ಚೌಕಾಸಿ ಮಾಡಲಾರಳು. ಕೂಟದಲ್ಲಿ ಕಲಿಯುವುದರಿಂದ ಪರರ ಶ್ರಮದ ಬೆಲೆಯೂ ತಿಳಿಯುತ್ತದೆ.

ಆರಂಭ ಹೇಗೆ ಎಂದು ಕೇಳುವಿರಾ? ದೊಡ್ಡ ಸಂಘ, ಪದಾಧಿಕಾರಿಗಳು, ಉದ್ಘಾಟನೆ ಯಾವುದೂ ಬೇಡ. ನಾಲ್ವರು ಸಾಕು; ವಾರಕ್ಕೊಂದು ಮಧ್ಯಾಹ್ನ ಸಾಕು. ಎಷ್ಟೋ ಊರುಗಳಲ್ಲಿ ಅಕ್ಕನ ಬಳಗಗಳಿವೆ. ಪ್ರಾರ್ಥನೆ, ವಚನಗಾಯನಗಳ ತರುವಾಯ ಒಂದು ಗಂಟೆಯನ್ನು ಸೂಜಿಗೆ ಮೀಸಲಿಡಬಹುದು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯಿಂದ ಹಳ್ಳಿಹಳ್ಳಿಗಳಲ್ಲಿ ಗುಂಪಾಗಿ ಕುಳಿತು ಉಳಿತಾಯ ಮಾಡುವ ಅಭ್ಯಾಸ ನಮ್ಮ ಮಹಿಳೆಯರಿಗೆ ಬಂದಿದೆ. ಆ ಗುಂಪುಗಳಿಗೂ ಇದು ಹೊಂದುತ್ತದೆ. ಪ್ರತಿ ಹಿರಿಯರೊಡನೆ ಒಬ್ಬ ಕಿರಿಯಳನ್ನು ಕೂರಿಸಿರಿ. ಒಂದು ಬಿಳಿಯ ದಪ್ಪ ಬಟ್ಟೆಯನ್ನು ಕೂಟದ ಮಾದರಿ ಬಟ್ಟೆಯಾಗಿ ಇಟ್ಟುಕೊಂಡು, ಯಾರು ಯಾವ ಹೊಸ ಚಿತ್ತಾರ ಕಲಿಸಿದರೂ ಅದರ ಮೇಲೆ ಒಮ್ಮೆ ಹೊಲಿದು, ಪಕ್ಕದಲ್ಲಿ ಕಲಿಸಿದವರ ಹೆಸರನ್ನೂ ದಾರದಲ್ಲಿ ಬರೆಯಿರಿ. ಹತ್ತು ವರ್ಷಗಳ ನಂತರ ಅದೊಂದು ಗ್ರಂಥವಾಗುತ್ತದೆ. ಬರದವರ ವಿಷಯವಾಗಿ ಮಾತನಾಡುವುದಿಲ್ಲವೆಂಬ ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿರಿ. ಕೂಟಗಳು ಒಡೆಯುವುದು ಹೆಚ್ಚಾಗಿ ಅಲ್ಲಿಯೇ. ಗಂಡುಮಕ್ಕಳು ಕಲಿಯಲು ಬಂದರೆ ನಗಬೇಡಿರಿ. ರಾಮಿತಂದೆಗಳ ಕೈಯಲ್ಲಿದ್ದುದೂ ಸೂಜಿಯೇ.

ಕೂಟದ ಮೊದಲ ಕೆಲಸವನ್ನು ತಮ್ಮ ಮನೆಗಾಗಿ ಮಾಡದೆ, ಸಮೀಪದ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಿಯ ಕೂಸಿಗೆ ಒಂದು ಕುಂಚಿಗೆ, ಒಂದು ಪುಟ್ಟ ಕೌದಿಯಾಗಿ ಮಾಡಿದರೆ ಎಷ್ಟು ಚೆನ್ನ! ನಾಲ್ಕು ಮನೆಗಳ ಹಳೆಯ ಮೆತ್ತನೆಯ ಸೀರೆಗಳು ಸೇರಿದರೆ ಆ ಕೂಸಿಗೆ ನಾಲ್ಕು ತಾಯಂದಿರ ಮಡಿಲು ದೊರೆತಂತೆ. ನಿಮ್ಮ ಅಟ್ಟದ ಮೇಲೆ, ಕಪಾಟಿನ ಕೆಳಗೆ ಅಂಥದೊಂದು ಗಂಟು ಇದ್ದೇ ಇರುತ್ತದೆ. ಈ ವಾರ ಅದನ್ನು ಕೆಳಗಿಳಿಸಿರಿ. ಪಕ್ಕದ ಮನೆಯ ಬಾಗಿಲು ತಟ್ಟಿರಿ.