ಹಾಡುವ ಅಡಿಗರು, ಓದದ ಅಡಿಗರು

ಗೋಪಾಲಕೃಷ್ಣ ಅಡಿಗರ ಹೆಸರನ್ನು ಕೇಳದವರ ಬಾಯಿಗೂ ಅವರ ‘ಮೋಹನ ಮುರಳಿ’ ಬರುತ್ತದೆ. ಓಕ್‌ವಿಲ್, ಮಿಸ್ಸಿಸಾಗ, ಮಿಲ್ಟನ್ ಸುತ್ತಮುತ್ತಲ ನಮ್ಮ ಕುಟುಂಬಗಳು ಸೇರುವ ಯುಗಾದಿ, ರಾಜ್ಯೋತ್ಸವಗಳಲ್ಲಿ ಆ ಗೀತೆಯನ್ನು ಯಾರಾದರೊಬ್ಬರು ಹಾಡಿಯೇ ಹಾಡುತ್ತಾರೆ. ಹಿಂದಿನ ಸಾಲುಗಳ ಮಾತು ನಿಲ್ಲುತ್ತದೆ; ಊರಿನಿಂದ ಬಂದಿರುವ ಹಿರಿಯರ ಕಣ್ಣು ತೇವವಾಗುತ್ತದೆ. ತೊಂಬತ್ತರ ದಶಕದಲ್ಲಿ ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕ ಅಮೆರಿಕ’ ಚಲನಚಿತ್ರವು ಮನೋಮೂರ್ತಿಯವರ ಸಂಗೀತದಲ್ಲಿ ಈ ಕವನವನ್ನು ಬಳಸಿಕೊಂಡ ಮೇಲಂತೂ ಅದು ಹೊರನಾಡ ಕನ್ನಡಿಗರ ನಾಡಗೀತೆಯೇ ಆಗಿಬಿಟ್ಟಿದೆ.

ಆದರೆ ಅದು ವೀಸಾ, ವಿಮಾನಗಳನ್ನು ಕುರಿತ ಕವನವಲ್ಲ. 1954ರಲ್ಲಿ ‘ಚಂಡೆ ಮದ್ದಳೆ’ ಬರುವುದಕ್ಕೆ ಮುಂಚೆ, ನವೋದಯದ ಲಯ ಭಾವಗಳಲ್ಲಿಯೇ ಬರೆಯುತ್ತಿದ್ದ ತರುಣ ಅಡಿಗರ ರಚನೆ ಅದು. ಇರುವ ನೆಲೆಯಲ್ಲಿ ಎಲ್ಲ ಇದ್ದರೂ ಕಾಣದ ಎಡೆಯೊಂದರ ಕರೆಗೆ ಕಿವಿಗೊಡುವ ಜೀವದ ಚಡಪಡಿಕೆಯೇ ಅದರ ವಸ್ತು. ಎಂದರೆ, ಮನೆಯಿಂದ ಹೊರಕ್ಕೆ ಸೆಳೆಯುವ ಕರೆ. ನಾವು ಅದನ್ನು ತಿರುವಿ ಹಾಕಿಕೊಂಡಿದ್ದೇವೆ: ಕೊಳಲು ಊದುತ್ತಿರುವುದು ಊರಿನಲ್ಲಿ, ಕೇಳುತ್ತಿರುವವರು ಒಂಟಾರಿಯೊ ಸರೋವರದ ದಡದಲ್ಲಿ. ಒಳ್ಳೆಯ ಕವನ ಇಂಥ ತಿರುವನ್ನು ತಾಳಿಕೊಳ್ಳುತ್ತದೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಅಲ್ಲಿ ಕವನದೊಳಗೆ ಬಂದು ಕುಳಿತಿರುವುದು ಕವಿಯ ಬಾಳಲ್ಲ, ನಮ್ಮದು.

ನಮ್ಮ ತಕರಾರು ಬೇರೆಯದು. ‘ಮೋಹನ ಮುರಳಿ’ಯ ಕವಿ ಅಲ್ಲಿಯೇ ನಿಲ್ಲಲಿಲ್ಲ; ನಾವು ಮಾತ್ರ ಅಲ್ಲಿಯೇ ನಿಂತಿದ್ದೇವೆ. ಕಾರ್ಯಕ್ರಮದ ಪಟ್ಟಿ ಸಿದ್ಧವಾಗುವಾಗ ನವ್ಯದ ಅಡಿಗರ ಒಂದು ಕವನವನ್ನು ಓದಿ ಚರ್ಚಿಸೋಣವೆಂದರೆ ಬರುವ ಉತ್ತರ ಗೊತ್ತಿರುವುದೇ: ಕಠಿಣ, ನಿರಾಶೆಯ ಕಾವ್ಯ, ಮಕ್ಕಳು ಕೂರುವುದಿಲ್ಲ. ಹೊರನಾಡಿನ ಮನೆಗಳಿಗೆ ನಿಜವಾಗಿ ಬೇಕಾಗಿರುವವರು ಆ ಕಠಿಣ ಅಡಿಗರೇ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಅವರ ಒಂದೇ ಕವನವನ್ನು, ‘ಭೂತ’ವನ್ನು, ಮುಂದಿಡುತ್ತೇವೆ.

‘ಭೂತ’ ಎಂಬ ಮಾತಿಗೆ ಕನ್ನಡದಲ್ಲಿ ಕಳೆದುಹೋದ ಕಾಲವೆಂದೂ ಅರ್ಥ, ಪಿಶಾಚಿಯೆಂದೂ ಅರ್ಥ. ಕರಾವಳಿಯವರಿಗಾದರೆ ಕೋಲ ಕಟ್ಟಿ ಆರಾಧಿಸುವ ದೈವವೂ ಹೌದು. ಇಂಗ್ಲಿಷಿನಲ್ಲಿ ಇವೆಲ್ಲವನ್ನೂ ಹೊರುವ ಒಂದು ಶಬ್ದವಿಲ್ಲ. ಕವನ ಈ ಶ್ಲೇಷೆಯ ಮೇಲೆಯೇ ನಿಂತಿದೆ. ಮಣ್ಣು ಮುಚ್ಚಿಹೋದ ಹಿಂದಿನ ಕಾಲದ ಬಾವಿಯಿಂದ ಕೆಟ್ಟ ಉಸಿರು ಮೇಲೆದ್ದು ಬದುಕಿರುವವರನ್ನು ಕಾಡುತ್ತದೆ. ಹೂತದ್ದು ಸತ್ತಿಲ್ಲ. ಆದರೆ ಕವನ ಈ ಭಯದಲ್ಲಿಯೇ ಮುಗಿಯುವುದಿಲ್ಲ. ಬಾವಿಯೊಳಗಿನ ಕೊಳೆತ ನೀರೇ ಆವಿಯಾಗಿ ಮೇಲೇರಿ, ಮೋಡವಾಗಿ, ಗದ್ದೆಗೆ ಮಳೆಯಾಗಿ ಇಳಿಯಬಲ್ಲದು. ಅಗೆಯುವವನ ಕೈಗೆ ಮೊದಲು ಸಿಗುವುದು ಬರಿಯ ಮಣ್ಣು. ಬಿಡದೆ ಆಳಕ್ಕೆ ಹೋದರೆ ಬಂಗಾರದ ಅದಿರು. ಅದಿರು ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ಅದನ್ನು ಬೆಂಕಿಗೆ ಹಾಕಿ ಶುದ್ಧಮಾಡಿ, ಬಡಿದು, ತಾನು ಬಯಸಿದ ದೇವರ ಮೂರ್ತಿಯಾಗಿ ರೂಪಿಸುವ ಕಸುಬನ್ನು ಕಲಿಯಬೇಕು. ಪರಂಪರೆಯ ವಿಷಯದಲ್ಲಿ ಕನ್ನಡದ ಕವಿಯೊಬ್ಬ ಇದಕ್ಕಿಂತ ಗಟ್ಟಿಯಾದ ಮಾತನ್ನು ಆಡಿರುವುದನ್ನು ನಾವು ಕಂಡಿಲ್ಲ.

ಈ ಕವನ ಎಲ್ಲಿಂದ ಬಂತು? ಒಂದು ಉತ್ತರ ಮೊಗೇರಿಯಲ್ಲಿದೆ. ಕುಂದಾಪುರ ಸೀಮೆಯ ಆ ಹಳ್ಳಿಯಲ್ಲಿ 1918ರಲ್ಲಿ ಅಡಿಗರು ಹುಟ್ಟಿದರು. ಪೌರೋಹಿತ್ಯ, ಪಂಚಾಂಗಗಳ ಮನೆತನ. ಸುತ್ತ ಯಕ್ಷಗಾನದ ಆಟಗಳು. ಹಿರಿಯರ ಋಣವನ್ನು ಎಳ್ಳುನೀರಿನಿಂದ ತೀರಿಸುವ ಕ್ರಮ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಸತ್ತವರಿಗೆ ತಿಥಿ ಉಂಟು, ಪಾಲು ಉಂಟು, ಅದನ್ನು ಕೊಡದಿದ್ದರೆ ಅವರು ಮನೆಯನ್ನು ಬಿಟ್ಟುಹೋಗುವುದಿಲ್ಲ ಎಂಬ ನಂಬಿಕೆಯ ನಡುವೆ ಬೆಳೆದವರಿಗೆ ಮಾತ್ರ ‘ಭೂತ’ದ ಎರಡು ಅರ್ಥಗಳು ಒಟ್ಟಿಗೆ ಕಾಣುತ್ತವೆ. ಬಾವಿ, ಗದ್ದೆ, ಮಳೆ ಇವೂ ಅಲಂಕಾರಕ್ಕೆಂದು ತಂದ ಪ್ರತಿಮೆಗಳಲ್ಲ. ಕರಾವಳಿಯ ಮನೆಯ ಹಿತ್ತಲಿನಲ್ಲಿ ಕಣ್ಣಿಗೆ ಬೀಳುವ ವಸ್ತುಗಳು.

ಇನ್ನೊಂದು ಉತ್ತರ ಲಂಡನ್ನಿನಲ್ಲಿದೆ. ಅಡಿಗರು ಇಂಗ್ಲಿಷ್ ಅಧ್ಯಾಪಕರು. ಮೈಸೂರಿನಲ್ಲಿ ಪಾಠ ಹೇಳಿದರು, ಸಾಗರ ಮತ್ತು ಉಡುಪಿಗಳಲ್ಲಿ ಪ್ರಾಂಶುಪಾಲರಾಗಿದ್ದರು. ಟಿ.ಎಸ್. ಎಲಿಯಟ್ಟನ ಕಾವ್ಯವನ್ನೂ ವಿಮರ್ಶೆಯನ್ನೂ ಆಳವಾಗಿ ಓದಿಕೊಂಡವರು. ಪರಂಪರೆ ಮತ್ತು ವ್ಯಕ್ತಿಪ್ರತಿಭೆಗಳನ್ನು ಕುರಿತು 1919ರಲ್ಲಿ ಎಲಿಯಟ್ ಬರೆದ ಪ್ರಬಂಧದ ಮುಖ್ಯ ವಾದ ಇದು: ಪರಂಪರೆ ಪಿತ್ರಾರ್ಜಿತ ಆಸ್ತಿಯಂತೆ ತಾನಾಗಿ ಕೈಗೆ ಬರುವುದಿಲ್ಲ, ಬೇಕಾದವನು ಶ್ರಮಪಟ್ಟು ಸಂಪಾದಿಸಿಕೊಳ್ಳಬೇಕು. ‘ಭೂತ’ದ ಗುದ್ದಲಿ ಮತ್ತು ಕುಲುಮೆಗಳ ಹಿಂದೆ ಈ ವಿಚಾರವಿರುವುದು ಸ್ಪಷ್ಟ. ಇಲ್ಲೊಂದು ಸ್ವಾರಸ್ಯವೂ ಉಂಟು. ಎಲಿಯಟ್ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಹುಟ್ಟಿ, 1914ರಲ್ಲಿ ಲಂಡನ್ನಿಗೆ ಹೋಗಿ ನೆಲೆಸಿ, 1927ರಲ್ಲಿ ಬ್ರಿಟಿಷ್ ಪೌರತ್ವ ಪಡೆದವನು. ಪರಂಪರೆಯನ್ನು ದುಡಿದು ಪಡೆಯಬೇಕೆಂದು ಹೇಳಿದವನು ಊರು ಬಿಟ್ಟವನೇ, ನಮ್ಮಂತೆ.

ನವ್ಯವೆಂದರೆ ಪಶ್ಚಿಮದಿಂದ ಆಮದಾದ ಸರಕು ಎಂಬ ಆಕ್ಷೇಪ ಹಳೆಯದು. 1950ರಲ್ಲಿ ವಿ.ಕೃ. ಗೋಕಾಕರ ‘ನವ್ಯ ಕವಿತೆಗಳು’ ಬಂದಾಗಿನಿಂದ ಅದು ಕೇಳಿಬರುತ್ತಿದೆ. ಅಡಿಗರ ಮಟ್ಟಿಗೆ ಇದಕ್ಕೆ ಅವರ ಸಂಕಲನದ ಹೆಸರೇ ಉತ್ತರ ಹೇಳುತ್ತದೆ. ಕನ್ನಡದಲ್ಲಿ ನವ್ಯದ ದಿಕ್ಕನ್ನು ಗಟ್ಟಿಮಾಡಿದ ಪುಸ್ತಕಕ್ಕೆ ಅವರು ಇಟ್ಟದ್ದು ಯಕ್ಷಗಾನದ ಎರಡು ವಾದ್ಯಗಳ ಹೆಸರನ್ನು. ಕೊಳಲನ್ನು ಕೆಳಗಿಟ್ಟು ಚಂಡೆಯನ್ನು ಎತ್ತಿಕೊಂಡರು ಎನ್ನಬಹುದು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಾಡು ಕಟ್ಟುವ ಉತ್ಸಾಹದ ಪದ್ಯ ಬರೆದವರಿಗೆ ಕೆಲವೇ ವರ್ಷಗಳಲ್ಲಿ ಆ ಉತ್ಸಾಹದ ಟೊಳ್ಳು ಕಂಡಿತು. ಇಂಪಾದ ಲಯದಲ್ಲಿ ಹೇಳಿದರೆ ಸುಳ್ಳಾಗುವಂಥ ಅನುಭವ ಅದು. ಆಗ ಎಲಿಯಟ್ ಒದಗಿಸಿದ್ದು ಒರಟು ಮಾತಿಗೂ, ವ್ಯಂಗ್ಯಕ್ಕೂ, ಆತ್ಮಪರೀಕ್ಷೆಗೂ ಕಾವ್ಯದಲ್ಲಿ ಜಾಗವುಂಟೆಂಬ ಧೈರ್ಯವನ್ನು. ಜಾಗ ತುಂಬಿದ್ದು ಮೊಗೇರಿ.

ಅದೇ ಪ್ರಬಂಧದಲ್ಲಿ ಎಲಿಯಟ್ ಹೇಳುವ ಇನ್ನೊಂದು ಮಾತನ್ನು ಮಾತ್ರ ನಾವು ಪೂರ್ತಿ ಒಪ್ಪುವುದಿಲ್ಲ. ಕವಿಯ ಮನಸ್ಸು ರಾಸಾಯನಿಕ ಕ್ರಿಯೆಯಲ್ಲಿ ಪ್ಲಾಟಿನಂ ತಂತಿ ಇದ್ದಂತೆ, ತಾನು ಎದುರಿದ್ದು ಸಂಯೋಗವನ್ನು ಉಂಟುಮಾಡುತ್ತದೆ, ಹುಟ್ಟಿದ ವಸ್ತುವಿನಲ್ಲಿ ಅದರ ಅಂಶ ಇರುವುದಿಲ್ಲ ಎನ್ನುತ್ತಾನೆ ಅವನು. ರಸಾಯನಶಾಸ್ತ್ರವನ್ನು ಕಷ್ಟಪಟ್ಟು ಪಾಸುಮಾಡಿದ ವೈದ್ಯರಿಗೆ ಈ ಹೋಲಿಕೆ ಖುಷಿ ಕೊಡುತ್ತದೆ. ಆದರೆ ಹೀಗೆಂದ ಎಲಿಯಟ್ಟನೇ 1921ರಲ್ಲಿ ಮನಸ್ಸು ಕುಸಿದು, ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ವೈದ್ಯರೊಬ್ಬರ ಚಿಕಿತ್ಸೆಯಲ್ಲಿದ್ದಾಗ ‘ದ ವೇಸ್ಟ್ ಲ್ಯಾಂಡ್’ ಕಾವ್ಯದ ಕೊನೆಯ ಭಾಗವನ್ನು ಬರೆದ. ತಂತಿ ಕರಗಿಯೇ ಇತ್ತು.

ಹಾಗೆಂದು ಬಾಳಿನಿಂದ ಕವನವನ್ನು ನೇರವಾಗಿ ಬಿಡಿಸಲು ಹೊರಡುವುದೂ ಸಲ್ಲದು. ರೋಗಿಯ ಪೂರ್ವವೃತ್ತಾಂತವನ್ನು ಬರೆದುಕೊಳ್ಳದೆ ಯಾವ ವೈದ್ಯರೂ ಮುಂದುವರಿಯುವುದಿಲ್ಲ. ಆದರೆ ಅದನ್ನು ಓದಿಯೇ ರೋಗ ನಿರ್ಣಯಿಸಿ, ಎದುರಿಗಿರುವ ದೇಹವನ್ನು ಮುಟ್ಟಿ ನೋಡದವರನ್ನು ನಾವು ಒಳ್ಳೆಯ ವೈದ್ಯರೆನ್ನುವುದಿಲ್ಲ. ಅಡಿಗರ ವಿಷಯದಲ್ಲಿ ಈ ಅವಸರ ಹೆಚ್ಚು. ಅವರು 1971ರ ಲೋಕಸಭಾ ಚುನಾವಣೆಯಲ್ಲಿ ಜನಸಂಘದ ಪರವಾಗಿ ಬೆಂಗಳೂರಿನಿಂದ ನಿಂತು ಸೋತರು. ಅಂದಿನಿಂದ ಕೆಲವರು ಅವರ ಕಾವ್ಯವನ್ನೆಲ್ಲ ಆ ಒಂದು ಸ್ಪರ್ಧೆಯ ಕನ್ನಡಕದಲ್ಲಿ ಓದುತ್ತಾರೆ: ಪರ ಇರುವವರು ಪರಂಪರೆಯ ಕವಿಯೆಂದು ಹೊಗಳಲು, ವಿರೋಧಿಗಳು ಅದೇ ಮಾತಿನಿಂದ ತೆಗಳಲು. ‘ಭೂತ’ ಇಬ್ಬರಿಗೂ ಒಗ್ಗುವುದಿಲ್ಲ. ಪರಂಪರೆಯನ್ನು ಇದ್ದಂತೆಯೇ ಪೂಜಿಸುವವನಿಗೆ ಅದು ‘ಇದು ಇನ್ನೂ ಮಣ್ಣು, ಅಗೆ’ ಎನ್ನುತ್ತದೆ. ಮುಚ್ಚಿ ಮುಂದೆ ಹೋಗೋಣವೆನ್ನುವವನಿಗೆ ‘ಮುಚ್ಚಿದ್ದೇ ಕಾಡುತ್ತದೆ’ ಎನ್ನುತ್ತದೆ.

ಈ ಎರಡು ಮಾತುಗಳೂ ನಮ್ಮ ಮನೆಗಳಿಗೆ ಎಷ್ಟು ಹತ್ತಿರ ಎಂಬುದನ್ನು ಸಂಘದ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ತಂದೆ ತೀರಿಕೊಂಡಾಗ ವಿಮಾನ ಸಿಗದೆ, ಹನ್ನೆರಡು ದಿನಗಳ ಕರ್ಮವನ್ನು ಬೇಸ್‌ಮೆಂಟಿನಲ್ಲಿ ಕುಳಿತು ಫೋನಿನ ತೆರೆಯ ಮೇಲೆ ನೋಡಿದ ಮನೆಗಳಿವೆ. ವರ್ಷದ ತಿಥಿಯ ಹಿಂದಿನ ವಾರ ಪ್ರತಿ ಸಲವೂ ಅದೇ ಗೊಂದಲ: ತಿಥಿ ಸ್ಥಳದ ಸೂರ್ಯೋದಯವನ್ನು ಅವಲಂಬಿಸುವುದರಿಂದ ಮೈಸೂರಿನ ಅಮಾವಾಸ್ಯೆ ಟೊರಾಂಟೊದಲ್ಲಿ ಹಿಂದಿನ ದಿನವೇ ಬೀಳಬಹುದು, ಯಾವುದನ್ನು ಹಿಡಿಯುವುದು? ಅಮ್ಮ ಊರಿನ ಪಂಚಾಂಗ ನೋಡಿ ಒಂದು ದಿನ ಹೇಳುತ್ತಾರೆ, ಇಲ್ಲಿಯ ಪುರೋಹಿತರು ಇನ್ನೊಂದು. ಪಕ್ಕದಲ್ಲಿ ನಿಂತ ಹದಿನಾಲ್ಕರ ಮಗಳು ಕೇಳುತ್ತಾಳೆ, ‘ಅಪ್ಪ, ಇದನ್ನು ಯಾಕೆ ಮಾಡಬೇಕು?’ ನಮ್ಮಲ್ಲಿ ಬಹುಮಂದಿಯ ಉತ್ತರ ಒಂದೇ: ‘ಮೊದಲಿನಿಂದ ಬಂದದ್ದು, ಮಾಡಬೇಕು.’ ಇನ್ನು ಕೆಲವರದು: ‘ಬಿಡು, ನಿನಗೆ ಇದೆಲ್ಲ ಬೇಡ.’ ಒಂದು ಮಣ್ಣನ್ನೇ ಬಂಗಾರವೆಂದು ಕೊಡುವುದು, ಇನ್ನೊಂದು ಬಾವಿಯನ್ನೇ ಮುಚ್ಚುವುದು. ಆ ಹುಡುಗಿಯ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಎತ್ತಿಕೊಂಡ ಕನ್ನಡ ಕವನ ನಮ್ಮ ಕೈಯಲ್ಲಿದೆ. ನಾವು ಅವಳಿಗೆ ಕಲಿಸುತ್ತಿರುವುದು ಮಾತ್ರ ಹಾಡನ್ನು.

ಭಾವಗೀತೆಗಳನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟುಗಳಿಲ್ಲದಿದ್ದರೆ ಈ ದೇಶದಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ ಕಾವ್ಯದ ಸುಳಿವೇ ಇರುತ್ತಿರಲಿಲ್ಲ. ಆದರೆ ರಾಗಕ್ಕೆ ತನ್ನದೇ ಆಯ್ಕೆಯುಂಟು. ರಾಗಕ್ಕೆ ಒಗ್ಗಿದ್ದು ಸಮುದ್ರ ದಾಟುತ್ತದೆ, ಒಗ್ಗದ್ದು ಬೆಂಗಳೂರಿನ ಪುಸ್ತಕದಂಗಡಿಯಲ್ಲಿ ಉಳಿಯುತ್ತದೆ. ಹೀಗಾಗಿ ನಮಗೆ ‘ಮೈಸೂರು ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿ ಗೊತ್ತು, 1958ರ ‘ಶಿಲಾಲತೆ’ಯಲ್ಲಿ ದನಿ ಬದಲಿಸಿಕೊಂಡ ನರಸಿಂಹಸ್ವಾಮಿ ಗೊತ್ತಿಲ್ಲ. ಕನ್ನಡ ಸಾಹಿತ್ಯ ನಮ್ಮ ಮಕ್ಕಳಿಗೆ ಬರೀ ಇಂಪಾದ, ಬರೀ ಹಳೆಯ ಕಾಲದ ವಿಷಯವಾಗಿ ಕಂಡರೆ ಅದರಲ್ಲಿ ಅವರ ದೋಷವಿಲ್ಲ.

ಕಠಿಣವೆಂಬ ಮಾತಿಗೆ ಬಂದರೆ, ಹೌದು, ‘ಭೂತ’ ಕಠಿಣವೇ. ನಿಘಂಟು ಬೇಕು, ಎರಡು ಮೂರು ಸಲ ಓದಬೇಕು. ಆದರೆ ಇಲ್ಲಿಯ ಹೈಸ್ಕೂಲುಗಳಲ್ಲಿ ಶೇಕ್ಸ್‌ಪಿಯರನನ್ನು ಓದುವ ಮಕ್ಕಳಿಗೆ ಇದು ಮೀರಿದ್ದಲ್ಲ. ಕನ್ನಡ ಲಿಪಿ ಬಾರದವರಿಗೂ ದಾರಿಯಿದೆ. ಷಿಕಾಗೊದಲ್ಲಿ ಮೂರು ದಶಕ ಪಾಠ ಹೇಳುತ್ತ ಕನ್ನಡದಲ್ಲಿಯೂ ಕವನ ಬರೆದ ಎ.ಕೆ. ರಾಮಾನುಜನ್ ಅವರು ಮೈಕೆಲ್ ಗಾರ್ಮನ್ ಜೊತೆಗೂಡಿ ಅಡಿಗರ ನವ್ಯ ಕವನಗಳನ್ನು ಇಂಗ್ಲಿಷಿಗೆ ತಂದು 1968ರಲ್ಲಿ ಪ್ರಕಟಿಸಿದ್ದಾರೆ. ಯು.ಆರ್. ಅನಂತಮೂರ್ತಿಯವರು ‘ಸಂಸ್ಕಾರ’ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ನವ್ಯಕ್ಕೂ ಹೊರನಾಡಿಗೂ ನೆಂಟಸ್ತನ ಹೊಸದೇನಲ್ಲ.

ಆದ್ದರಿಂದ ನಮ್ಮ ಸಲಹೆ ಸಣ್ಣದು. ಈ ಚಳಿಗಾಲದಲ್ಲಿ, ಹೊರಗೆ ಹೋಗಲಾರದ ಒಂದು ಶನಿವಾರ ಮಧ್ಯಾಹ್ನ, ಯಾರದಾದರೂ ಮನೆಯಲ್ಲಿಯೋ ಓಕ್‌ವಿಲ್ ಗ್ರಂಥಾಲಯದ ಕೋಣೆಯೊಂದರಲ್ಲಿಯೋ ‘ಭೂತ’ವನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಓದೋಣ. ವೇದಿಕೆ, ಮೈಕು, ಸನ್ಮಾನ ಬೇಡ. ಊರಿನಿಂದ ಸೂಪರ್ ವೀಸಾದ ಮೇಲೆ ಬಂದಿರುವ ಅಜ್ಜ ಅಜ್ಜಿಯರು ಅವಶ್ಯವಾಗಿ ಬರಲಿ. ಬಾವಿ, ಎಳ್ಳುನೀರು, ಕೋಲ ಇವುಗಳ ಬಗ್ಗೆ ನಮಗಿಂತ ಅವರಿಗೆ ಹೆಚ್ಚು ಗೊತ್ತು. ಮಕ್ಕಳಿಗೆ ಮೊದಲೇ ಒಂದು ಕೆಲಸ ಕೊಡೋಣ: ತಮ್ಮ ಮನೆಯಲ್ಲಿ ಏಕೆಂದು ಯಾರೂ ಹೇಳದೆ ನಡೆಯುವ ಒಂದು ಆಚರಣೆಯನ್ನು ಬರೆದು ತರುವುದು. ಕವನ ಓದಿದ ಮೇಲೆ ಆ ಚೀಟಿಗಳನ್ನು ತೆರೆಯೋಣ. ಚಹಾ, ಅವಲಕ್ಕಿಯ ಏರ್ಪಾಡು ನಮ್ಮದು. ಪುಸ್ತಕದ ಪ್ರತಿ ಇರುವವರು ತಂದರೆ ಉಪಕಾರವಾದೀತು.